ಬೆರಳು ಬೆಚ್ಚಗಾದ ಮೇಲೆ

ಪ್ಲೇಟ್‌ಲೆಟ್ ಎಂದರೆ ನಮಗೆ ನೆನಪಾಗುವುದು ಡೆಂಗಿ. ಕೌಂಟ್ ಇಳಿಯಿತೆಂದರೆ ಮನೆಮಂದಿಯೆಲ್ಲ ಕಂಗಾಲು. ಹಿಮಕಡಿತದಲ್ಲಿ, ಅಂದರೆ ಫ್ರಾಸ್ಟ್‌ಬೈಟ್‌ನಲ್ಲಿ, ಅದೇ ಕಣಗಳು ಹೊತ್ತಲ್ಲದ ಹೊತ್ತಿನಲ್ಲಿ ಗುಂಪುಗೂಡಿ ಬೆರಳನ್ನೇ ಬಲಿ ತೆಗೆದುಕೊಳ್ಳುತ್ತವೆ.

ಹಿಮ ಹಿಡಿದ ಕಾಲ್ಬೆರಳು ಬಿಳಿಚಿಕೊಂಡು ಕಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ, ಚುಚ್ಚಿದರೂ ತಿಳಿಯದು. 37ರಿಂದ 39 ಡಿಗ್ರಿ ಬಿಸಿಯ ನೀರಿನಲ್ಲಿ ಇಟ್ಟರೆ ಕೆಂಪೇರಿ, ಜೀವ ಹೋಗುವಂಥ ನೋವು ಶುರುವಾಗುತ್ತದೆ. ಬೆರಳು ಉಳಿಯಿತೆಂದು ನಿಟ್ಟುಸಿರು ಬಿಡುವ ಆ ಗಳಿಗೆಯಲ್ಲೇ ಎರಡನೆಯ ಪೆಟ್ಟು ಬೀಳುತ್ತದೆ. ಚಳಿಗೆ ಹಾಳಾದ ರಕ್ತನಾಳದ ಒಳಪದರಕ್ಕೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವನ್ನು ಸೂಸುತ್ತವೆ. ಅದು ನಾಳವನ್ನು ಬಿಗಿದು, ಇನ್ನಷ್ಟು ಪ್ಲೇಟ್‌ಲೆಟ್‌ಗಳನ್ನು ಸೆಳೆಯುತ್ತದೆ. ರಕ್ತ ನಿಂತು ಬೆರಳು ಕಪ್ಪಾಗುತ್ತದೆ.

ನೆಪೋಲಿಯನ್ ಸೇನೆಯ ಶಸ್ತ್ರವೈದ್ಯ ಲಾರೆಯ ಕಾಲದಿಂದ ಹಿಮ ಹಿಡಿದ ಭಾಗವನ್ನು ಹಿಮದಲ್ಲೇ ಉಜ್ಜುವ ಪದ್ಧತಿ ಬಹುಕಾಲ ನಡೆಯಿತು. ಅದು ಗಾಯವನ್ನು ಹೆಚ್ಚಿಸಿತಷ್ಟೆ. ನಾಳದೊಳಗಿನ ಹೆಪ್ಪಿಗೇ ನೇರವಾಗಿ ಕೈಹಾಕಿದ್ದರಿಂದ ಫ್ರಾನ್ಸಿನ ಶಾಮೊನಿಯ ವೈದ್ಯ ಎಮಾನ್ಯುಯೆಲ್ ಕೋಶಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ದೊಡ್ಡದೆನಿಸುತ್ತದೆ. ರಕ್ತನಾಳವನ್ನು ಹಿಗ್ಗಿಸಿ, ಪ್ಲೇಟ್‌ಲೆಟ್‌ಗಳು ಗುಂಪುಗೂಡುವುದನ್ನು ತಡೆಯುವ ಇಲೊಪ್ರೊಸ್ಟ್ ಔಷಧವನ್ನು ದಿನಕ್ಕೆ ಆರು ಗಂಟೆಯಂತೆ ಎಂಟು ದಿನ ಡ್ರಿಪ್‌ನಲ್ಲಿ ಕೊಟ್ಟರು. ಹೋಲಿಕೆಗಾಗಿ ಬುಫ್ಲೊಮೆಡಿಲ್ ಎಂಬ ಇನ್ನೊಂದು ಔಷಧ ಪಡೆದ ಗುಂಪಿನಲ್ಲಿ ಶೇ. 60ರಷ್ಟು ರೋಗಿಗಳಿಗೆ ಅಂಗ ಕತ್ತರಿಸಬೇಕಾಗುವ ಅಪಾಯ ಕಂಡಿತು. ಇಲೊಪ್ರೊಸ್ಟ್ ಒಂದನ್ನೇ ಪಡೆದ ಗುಂಪಿನಲ್ಲಿ ಒಬ್ಬರಿಗೂ ಇಲ್ಲ.

ಫಲಿತಾಂಶ ಬೆರಗು ಹುಟ್ಟಿಸುತ್ತದೆ, ಆದರೆ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಎಲ್ಲ ಗುಂಪುಗಳೂ ಸೇರಿ ರೋಗಿಗಳು ಬರೀ 47. ಎಲ್ಲರಿಗೂ ಆಸ್ಪಿರಿನ್ ಕೊಟ್ಟಿದ್ದರಿಂದ, ಪ್ಲೇಟ್‌ಲೆಟ್ ತಡೆಯುವ ಆ ಅಗ್ಗದ ಮಾತ್ರೆಯ ಪಾಲೆಷ್ಟು ಎಂಬುದು ಬೇರ್ಪಡಲೇ ಇಲ್ಲ. ನನ್ನ ಮಟ್ಟಿಗೆ ಇದೇ ಆ ಅಧ್ಯಯನದ ದೊಡ್ಡ ಕೊರತೆ. ಆದರೂ ಅದು ತೋರಿದ ದಾರಿ ಸರಿ. 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತೀವ್ರ ಹಿಮಕಡಿತಕ್ಕೆ ಇಲೊಪ್ರೊಸ್ಟ್ ಔಷಧವನ್ನು ಒಪ್ಪಿತು.

1984ರಿಂದ ಸಿಯಾಚಿನ್‌ನಲ್ಲಿ ಕಾವಲಿರುವ ಸೈನಿಕರಲ್ಲಿ ನಮ್ಮೂರುಗಳ ಮಕ್ಕಳೂ ಇದ್ದಾರೆ. ಅಲ್ಲಿ ಹವೆ ಕೆಟ್ಟರೆ ಹೆಲಿಕಾಪ್ಟರ್ ಹಾರದು. ಹೆಪ್ಪು ಮಾತ್ರ ಹವೆಗಾಗಿ ಕಾಯದು. ಈ ಚಿಕಿತ್ಸೆಯ ನಿಜವಾದ ಪರೀಕ್ಷೆ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮುಗಿಯುವುದಿಲ್ಲ. ರಕ್ತದೊತ್ತಡ ನೋಡಿಕೊಳ್ಳುತ್ತ ಆರು ಗಂಟೆ ಡ್ರಿಪ್ ನಡೆಸುವ ಕೈಗಳು ಬೆಟ್ಟದ ಬುಡದಲ್ಲೇ ಸಿಗುವಂತಾಗಬೇಕು.