ಮಸಿಯ ಬಿದಿರನ್ನು ನೋಡುವ ಬಗೆ

ಚೀನಾದ ಬಿದಿರಿನ ಚಿತ್ರದಲ್ಲಿ ಬಣ್ಣ ಹುಡುಕಬೇಡಿ. ಕರಿಮಸಿ, ನೀರು, ಕುಂಚ, ಕಾಗದ ಇಲ್ಲವೇ ರೇಷ್ಮೆ: ಸಾಮಗ್ರಿ ಇಷ್ಟೇ. ಒಮ್ಮೆ ಬಿದ್ದ ಗೆರೆಯನ್ನು ತಿದ್ದಲಾಗದು. ಹಾಗಾಗಿ ಮೊದಲು ಇದನ್ನು ಕೈಬರಹದಂತೆ ಓದಿ.

ಕಾಂಡದಿಂದ ಶುರುಮಾಡಿ. ಕುಂಚ ಗೆಣ್ಣಿನಲ್ಲಿ ಒತ್ತಿ ನಿಂತು, ಸರ್ರನೆ ಸರಿದು, ಮುಂದಿನ ಗೆಣ್ಣಿನಲ್ಲಿ ಮತ್ತೆ ನಿಲ್ಲುತ್ತದೆ. ನಡುವೆ ಖಾಲಿ ಬಿಟ್ಟ ಜಾಗದಲ್ಲೂ ಆ ಓಟ ಕಡಿಯಬಾರದು. ಆಮೇಲೆ ಎಲೆ. ಜೋತುಬಿದ್ದಿದ್ದರೆ ಮಳೆ, ಒಂದೇ ಕಡೆಗೆ ಹೊರಳಿದ್ದರೆ ಗಾಳಿ. ಎಲೆಯ ಮುಂಭಾಗಕ್ಕೆ ಕಡುಮಸಿ, ಬೆನ್ನಿಗೆ ತಿಳಿಮಸಿ ಬಳಸುವ ಕ್ರಮವನ್ನು ಸಾಂಗ್ ಕಾಲದ ವೆನ್ ಟಾಂಗ್ (1018–1079) ತಂದನೆನ್ನುತ್ತಾರೆ. ಬಿದಿರು ಮೊದಲು ಎದೆಯೊಳಗೆ ಪೂರ್ತಿ ಬೆಳೆದಿರಬೇಕು, ಕುಂಚ ಆಮೇಲೆ ಎಂಬುದು ಅವನ ಪಾಠ. ಅದನ್ನು ಬರೆದಿಟ್ಟವನು ಕವಿ ಸು ಶಿ. ಗೆಳೆಯ ವೆನ್ ಟಾಂಗ್ ತೀರಿಕೊಂಡ ವರ್ಷವೇ ಚಿತ್ರಸುರುಳಿಗಳನ್ನು ಬಿಸಿಲಿಗೆ ಹರವುವಾಗ ಅವನ ಬಿದಿರು ಕಣ್ಣಿಗೆ ಬಿದ್ದು ಸು ಶಿ ಅತ್ತುಬಿಟ್ಟ. ಆ ಬರಹ ಹುಟ್ಟಿದ್ದು ಹಾಗೆ. ವೆನ್ ಟಾಂಗ್‌ನ ಒಂದು ಬಿದಿರು ಈಗ ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿದೆ. ಅದು ಮೇಲಿನಿಂದ ಕೆಳಕ್ಕೆ ಬಾಗಿ ಬಂದು, ತುದಿಯಲ್ಲಿ ಮತ್ತೆ ತಲೆ ಎತ್ತಿದೆ.

ಸಂಕೇತಗಳು ಎಲ್ಲ ಪುಸ್ತಕದಲ್ಲೂ ಸಿಗುತ್ತವೆ: ಒಳಗಿನ ಪೊಳ್ಳು ವಿನಯಕ್ಕೆ, ಗೆಣ್ಣು ಶೀಲಕ್ಕೆ, ಹಿಮದಲ್ಲೂ ಮಾಸದ ಹಸಿರು ಛಲಕ್ಕೆ. ಪ್ಲಮ್, ಆರ್ಕಿಡ್, ಸೇವಂತಿಗೆಗಳ ಜೊತೆ ಸೇರಿದರೆ ಬಿದಿರು ‘ನಾಲ್ವರು ಸಜ್ಜನ’ರಲ್ಲಿ ಒಂದು. ಇಷ್ಟನ್ನೇ ಉರುಹೊಡೆದರೆ ರಸ ದಕ್ಕುವುದಿಲ್ಲ. ಯಾರು, ಯಾವಾಗ, ಯಾರಿಗೆ ಬರೆದರು ಎಂದು ಕೇಳಿ. ಮಂಗೋಲರು ಆಳುತ್ತಿದ್ದ ಕಾಲದಲ್ಲಿ ಚೀನೀ ವಿದ್ವಾಂಸನೊಬ್ಬ ಬಾಗಿಯೂ ಮುರಿಯದ ಬಿದಿರು ಬರೆದರೆ ಅದು ಬರೀ ಗಿಡವಾಗಿ ಉಳಿಯುವುದಿಲ್ಲ. ಅದೇ ಕಾಲದಲ್ಲಿ ಬಿದಿರಿಗೆ ಹೆಸರಾದವಳು ಗುವಾನ್ ದಾವ್‌ಶೆಂಗ್ (1262–1319) ಎಂಬ ಹೆಣ್ಣುಮಗಳು. ಹದಿನೆಂಟನೆಯ ಶತಮಾನದ ಝೆಂಗ್ ಶಿಯೆ ಶಾಂಡಾಂಗ್ ಪ್ರಾಂತದಲ್ಲಿ ಅಧಿಕಾರಿಯಾಗಿದ್ದಾಗ ಮೇಲಧಿಕಾರಿಗೆ ಬಿದಿರಿನ ಚಿತ್ರವೊಂದನ್ನು ಕೊಟ್ಟ. ಎಲೆಗಳ ಸದ್ದಿನಲ್ಲಿ ತನಗೆ ಬಡಜನರ ನರಳಿಕೆ ಕೇಳುತ್ತಿದೆ ಎಂಬ ಅರ್ಥದ ಪದ್ಯವನ್ನು ಅದರ ಮೇಲೆ ಬರೆದಿದ್ದ. ಕೆಲಸ ಬಿಟ್ಟ ಮೇಲೆ ಇದೇ ಮನುಷ್ಯ ಯಾಂಗ್‌ಝೌ ಊರಲ್ಲಿ ದರಪಟ್ಟಿ ಹಾಕಿ ಚಿತ್ರ ಮಾರಿದ. ನನಗೆ ಅದೂ ಇಷ್ಟ.

ಚಿತ್ರದ ಸುತ್ತಲಿನ ಕೆಂಪು ಮುದ್ರೆಗಳನ್ನು ಕೊಳೆಯ ಗುರುತು ಎಂದುಕೊಳ್ಳಬೇಡಿ. ಕೆಲವು ಕಲಾವಿದನವು, ಉಳಿದವು ಮುಂದೆ ಆ ಚಿತ್ರವನ್ನು ಇಟ್ಟುಕೊಂಡವರವು. ಪಕ್ಕದಲ್ಲಿ ಪದ್ಯವಿದ್ದರೆ ಅರ್ಥ ಕೇಳಿ ತಿಳಿದೇ ಮುಂದೆ ಹೋಗಿ. ಝೆಂಗ್ ಶಿಯೆಯಂಥವನ ಚಿತ್ರದಲ್ಲಿ ಅರ್ಧ ಮಾತು ಇರುವುದೇ ಅಲ್ಲಿ.