ತಾಲ್ಲೂಕು ಕಾಲೇಜಿನಲ್ಲಿ ಆನರ್ಸ್ ವ್ಯಾಸಂಗ: ಒಂದು ವಿಮರ್ಶೆ

ಆನರ್ಸ್ ಎಂಬ ಮಾತು ನಮ್ಮ ನಾಡಿನ ಉಚ್ಚ ಶಿಕ್ಷಣದ ಚರಿತ್ರೆಯಲ್ಲಿ ಎರಡು ಬಾರಿ ಬಂದು ಎರಡು ಬಾರಿಯೂ ಹಿಂದಿರುಗಿದೆ. ಮೊದಲನೆಯ ಸಲ ಅದು ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬೆಳೆಯಿತು. ಕೆಲವೇ ವಿದ್ಯಾರ್ಥಿಗಳಿಗೆ ದೊರೆಯಿತು. ಇಂಟರ್‌ಮೀಡಿಯೆಟ್ ತರಗತಿ ಹೋಗಿ ಮೂರು ವರ್ಷಗಳ ಏಕರೂಪದ ಪದವಿ ನೆಲೆಗೊಂಡ ಕಾಲದಲ್ಲಿ ಮರೆಯಾಯಿತು. ಎರಡನೆಯ ಸಲ, ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ, ೨೦೨೧ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆಲ್ಲ ಒಮ್ಮೆಗೇ ಬಂದಿತು. ೨೦೨೪ರಲ್ಲಿ ಹೊಸ ಪ್ರವೇಶಗಳಿಗೆ ನಿಂತುಹೋಯಿತು. ಮೊದಲನೆಯದು ಕೆಲವರಿಗೆ ಮಾತ್ರ ದೊರೆತು ಬಾಳಿತು. ಎರಡನೆಯದು ಎಲ್ಲರಿಗೂ ದೊರೆತು ಬಾಳಲಿಲ್ಲ. ಈ ಎರಡರಿಂದ ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ತಾಲ್ಲೂಕು ಕೇಂದ್ರಗಳ ಕಾಲೇಜುಗಳು ಕಲಿಯತಕ್ಕದ್ದು ಏನಾದರೂ ಉಂಟೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಹೊರಟಿದ್ದೇವೆ.

ಹಳೆಯ ಆನರ್ಸ್ ವ್ಯಾಸಂಗದ ಗುಣವನ್ನು ಮೊದಲು ಸರಿಯಾಗಿ ಗ್ರಹಿಸಬೇಕು. ಅದು ಸಾಮಾನ್ಯ ಪದವಿಗಿಂತ ದೀರ್ಘವಾಗಿತ್ತೆಂಬುದು ನಿಜ. ಆದರೆ ಅದರ ಹಿರಿಮೆ ದೀರ್ಘತೆಯಲ್ಲಿರಲಿಲ್ಲ. ವಿದ್ಯಾರ್ಥಿಯು ಒಂದು ಶಾಸ್ತ್ರವನ್ನು ಹಿಡಿದು ಅದರ ಮೂಲಗ್ರಂಥಗಳಿಗೆ ಹೋಗುತ್ತಿದ್ದನು. ಆ ಶಾಸ್ತ್ರದಲ್ಲಿ ಸ್ವತಃ ಕೆಲಸಮಾಡುತ್ತಿದ್ದವರೇ ಅವನ ಗುರುಗಳಾಗಿದ್ದರು. ಚರಿತ್ರೆಯ ವಿಷಯದಲ್ಲಿ ಇದಕ್ಕೆ ಒಂದು ನಿದರ್ಶನ ಸಾಕು. ಡಾ. ಎಂ. ಎಚ್. ಕೃಷ್ಣ ಅವರು ಚರಿತ್ರೆಯ ಪ್ರಾಧ್ಯಾಪಕರೂ ಹೌದು, ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ನಿರ್ದೇಶಕರೂ ಹೌದು. ಚಂದ್ರವಳ್ಳಿಯ ಉತ್ಖನನವನ್ನು ನಡೆಸಿದ ಕೈಯೇ ತರಗತಿಯಲ್ಲಿ ಪಾಠವನ್ನೂ ಹೇಳುತ್ತಿತ್ತು. ಶ್ರೀ ಎಸ್. ಶ್ರೀಕಂಠಶಾಸ್ತ್ರಿಗಳು ಕರ್ನಾಟಕ ಚರಿತ್ರೆಯ ಆಧಾರಗಳನ್ನು ಸಂಗ್ರಹಿಸುತ್ತಲೇ ಬೋಧಿಸಿದರು. ಇಂಥ ಗುರುಗಳ ಸನ್ನಿಧಿಯಲ್ಲಿ ಪಾಠಕ್ಕೂ ಸಂಶೋಧನೆಗೂ ನಡುವೆ ಗೋಡೆಯಿರುವುದು ಸಾಧ್ಯವಿರಲಿಲ್ಲ.

ಆದರೆ ಈ ವ್ಯವಸ್ಥೆಗೆ ಒಂದು ದೊಡ್ಡ ಕೊರತೆಯಿತ್ತು. ಅದು ಮೈಸೂರು, ಬೆಂಗಳೂರುಗಳೆಂಬ ಎರಡು ನಗರಗಳ ಸೊತ್ತಾಗಿತ್ತು. ಸಂತೇಶಿವರದಂಥ ಹಳ್ಳಿಯಿಂದ ಬಂದು ಕಡುಬಡತನದೊಡನೆ ಹೋರಾಡಿ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದಿದ ಎಸ್. ಎಲ್. ಭೈರಪ್ಪನವರಂಥವರು ಅಪರೂಪ. ಬಂದವರ ಹೆಸರನ್ನು ನಾವು ಬಲ್ಲೆವು. ಬರಲಾರದೆ ಊರಿನಲ್ಲಿಯೇ ಉಳಿದವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಹಳೆಯ ಆನರ್ಸನ್ನು ಹೊಗಳುವವರು ಈ ಎರಡನೆಯ ಪಟ್ಟಿಯನ್ನು ಮರೆಯುವುದು ನ್ಯಾಯವಲ್ಲ.

ಇನ್ನು ೨೦೨೧ರ ಪ್ರಯತ್ನ. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕರ್ನಾಟಕವು ದೇಶದ ರಾಜ್ಯಗಳಲ್ಲಿ ಮೊದಲನೆಯದಾಗಿ ನೂತನ ನೀತಿಯನ್ನು ಪದವಿ ತರಗತಿಗಳಲ್ಲಿ ಜಾರಿಗೆ ತಂದಿತು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಪದವಿ ಎಂಬುದಾಗಿ ಮೆಟ್ಟಿಲುಗಳನ್ನು ಕಟ್ಟಲಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೨ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ೧೨೦ ಕ್ರೆಡಿಟ್ಟುಗಳು, ನಾಲ್ಕು ವರ್ಷದ ಆನರ್ಸಿಗೆ ೧೬೦. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ ೭೫ ಅಥವಾ ಅದಕ್ಕೆ ಮೇಲ್ಪಟ್ಟು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ೧೨ ಕ್ರೆಡಿಟ್ಟಿನ ಸಂಶೋಧನಾ ಕಾರ್ಯವನ್ನು ಕೈಕೊಳ್ಳಬಹುದು. ಉದ್ದೇಶವನ್ನು ನಾವು ದೂಷಿಸಲಾರೆವು. ಹಳ್ಳಿಯ ಹುಡುಗನಿಗೂ ಸಂಶೋಧನೆಯ ಬಾಗಿಲು ತೆರೆದಿರಬೇಕೆಂಬ ಮಾತು ಕಾಗದದ ಮೇಲಾದರೂ ಆಗ ಬಂದಿತು.

ಬಾಗಿಲಿನಾಚೆ ಏನಿತ್ತೆಂಬುದು ಬೇರೆ ಪ್ರಶ್ನೆ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳಲ್ಲಿ ಪಾಠದ ಬಹುಭಾಗವನ್ನು ಹೊತ್ತಿರತಕ್ಕವರು ಅತಿಥಿ ಉಪನ್ಯಾಸಕರು. ವರ್ಷ ವರ್ಷವೂ ನೇಮಕವನ್ನು ಎದುರುನೋಡಬೇಕಾದ ಉಪನ್ಯಾಸಕನು ಮೂರನೆಯ ಸೆಮಿಸ್ಟರಿನಲ್ಲಿ ಕಂಡ ಜಾಣ ವಿದ್ಯಾರ್ಥಿಯನ್ನು ಏಳನೆಯ ಸೆಮಿಸ್ಟರಿನವರೆಗೆ ಕೈಹಿಡಿದು ನಡೆಸುವುದು ಹೇಗೆ? ಗ್ರಂಥಭಂಡಾರದಲ್ಲಿ ಪರೀಕ್ಷೆಗೆ ಬೇಕಾದ ಕೈಪಿಡಿಗಳು ಹತ್ತಾರು ಪ್ರತಿ; ಮೂಲ ಆಧಾರಗಳು ಒಂದೂ ಇಲ್ಲ. ಹೀಗಿರುವಲ್ಲಿ ನಾಲ್ಕನೆಯ ವರ್ಷವೆಂಬುದು ಮನೆಯ ಅಡಿಪಾಯವನ್ನು ಭದ್ರಪಡಿಸದೆ ಮೇಲೆ ಮತ್ತೊಂದು ಅಂತಸ್ತನ್ನು ಕಟ್ಟಿದಂತಾಯಿತು.

ಇದನ್ನು ನಾವು ಸ್ವಾನುಭವದಿಂದಲೂ ಬಲ್ಲೆವು. ಈ ಸೀಮೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಹೊಸ ಪಠ್ಯಕ್ರಮದ ಮೊದಲ ತಂಡದವರಿಗೆ ತಮ್ಮ ಊರಿನ ಇತಿಹಾಸವನ್ನು ಬರೆದು ತರಲು ಹೇಳಿದೆವು. ಬಂದ ಪ್ರಬಂಧಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಮೊಬೈಲಿನಿಂದ ಇಳಿಸಿಕೊಂಡ ನಾಲ್ಕು ವಾಕ್ಯಗಳು, ಊರಿನ ಹೆಸರು ಮಾತ್ರ ಬೇರೆ. ಆಗ ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಕೆರೆಯ ಏರಿಯ ಮೇಲಿದ್ದ ಶಾಸನದ ಕಲ್ಲಿನ ಬಳಿಗೆ ಹೋದೆವು. ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಅಕ್ಷರಗಳನ್ನು ಬೆರಳಿನಿಂದ ತಡವುತ್ತಿದ್ದ ಒಬ್ಬ ಹುಡುಗಿ, "ಸಾರ್, ಪುಸ್ತಕದಲ್ಲಿರೋ ಕೊನೇ ಸಾಲು ಕಲ್ಲಲ್ಲಿ ಇಲ್ವಲ್ಲ, ಯಾವ್ದು ಸರಿ?" ಎಂದು ಕೇಳಿದಳು. ಕಲ್ಲಿನ ಬುಡ ಒಡೆದುಹೋಗಿತ್ತು. ಪಾಠವನ್ನು ಎತ್ತಿಕೊಂಡ ಮೇಲೆ ಒಡೆಯಿತೋ, ಪಾಠವನ್ನು ಎತ್ತಿದವರು ಊಹಿಸಿ ತುಂಬಿದರೋ ಎಂಬುದನ್ನು ಕುರಿತು ಅಂದು ಒಂದು ಗಂಟೆ ಚರ್ಚೆ ನಡೆಯಿತು. ನಮ್ಮ ಬೋಧನೆಯ ವರ್ಷಗಳಲ್ಲಿ ಅದಕ್ಕಿಂತ ಉತ್ತಮವಾದ ಚರಿತ್ರೆಯ ತರಗತಿ ನಡೆದುದನ್ನು ನಾವು ಅರಿಯೆವು. ಆದರೆ ಆ ಪ್ರಶ್ನೆಗೆ ಅಂಕ ಕೊಡುವ ಅಂಕಣ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಮೂರು ವರ್ಷ ಮುಗಿದೊಡನೆ ಆಕೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನಾಲ್ಕನೆಯ ವರ್ಷ ಆಕೆಯ ಮನೆಯವರ ಲೆಕ್ಕದಲ್ಲಿ ಸೇರಿಯೇ ಇರಲಿಲ್ಲ.

೨೦೨೪ರ ಮೇ ತಿಂಗಳಿನಲ್ಲಿ, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ, ಸರ್ಕಾರವು ಮೂರು ವರ್ಷದ ಪದವಿಗೆ ಹಿಂದಿರುಗಿತು. ಆಗಲೇ ಸೇರಿದ್ದವರಿಗೆ ನಾಲ್ಕನೆಯ ವರ್ಷದ ಅವಕಾಶವನ್ನು ಉಳಿಸಿತು. ಬಡ ಕುಟುಂಬಗಳಿಗೆ ಒಂದು ವರ್ಷದ ಹೆಚ್ಚಿನ ಹೊರೆ ಸಲ್ಲದೆಂಬ ವಾದದಲ್ಲಿ ಸತ್ಯಾಂಶವಿದೆ. ಮೇಲೆ ಹೇಳಿದ ಹುಡುಗಿಯ ಸಂಗತಿಯೇ ಅದಕ್ಕೆ ಸಾಕ್ಷಿ. ಆದರೆ ನಮ್ಮ ಆಕ್ಷೇಪಣೆ ಬೇರೊಂದು ಎಡೆಯಲ್ಲಿದೆ. ಆನರ್ಸ್ ಬೇಕೆಂದವರೂ ಬೇಡವೆಂದವರೂ ವರ್ಷಗಳನ್ನು ಎಣಿಸಿದರೇ ಹೊರತು ಕೆಲಸವನ್ನು ತೂಗಲಿಲ್ಲ. ಒಂದು ಪಕ್ಷವು ವರ್ಷವನ್ನು ಕೂಡಿಸಿದರೆ ವಿದ್ವತ್ತು ತಾನಾಗಿ ಕೂಡುವುದೆಂದು ನಂಬಿತು. ಇನ್ನೊಂದು ಪಕ್ಷವು ವರ್ಷವನ್ನು ಕಳೆದಾಗ ಅದರೊಡನೆ ಸಂಶೋಧನೆಯ ಅವಕಾಶವೂ ಕಳೆದುಹೋಯಿತೆಂಬುದನ್ನು ಗಮನಿಸಲಿಲ್ಲ.

ಹೊರದೇಶದ ಅನುಭವ ಇಲ್ಲಿ ಸ್ವಲ್ಪ ಬೆಳಕು ಕೊಡುತ್ತದೆ. ಅಮೆರಿಕದಲ್ಲಿ ೧೯೦೧ರಲ್ಲಿ ಜೋಲಿಯೆಟ್ ಎಂಬ ಪಟ್ಟಣದಲ್ಲಿ ಆರಂಭವಾದ ಕಿರಿಯ ಕಾಲೇಜು, ಊರಿನ ಮಕ್ಕಳಿಗೆ ಊರಿನಲ್ಲಿಯೇ ಕಡಮೆ ವೆಚ್ಚದಲ್ಲಿ ಎರಡು ವರ್ಷದ ಕಾಲೇಜು ಶಿಕ್ಷಣವನ್ನು ಕೊಡಬೇಕೆಂಬ ತತ್ತ್ವದ ಮೇಲೆ ನಿಂತಿತು. ಮುಂದೆ ಇವನ್ನು ಸಮುದಾಯ ಕಾಲೇಜುಗಳೆಂದು ಕರೆದರು. ಇತ್ತ ೧೯೨೨ರಲ್ಲಿ ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷ ಫ್ರಾಂಕ್ ಏಡೆಲಾಟ್ ಅವರು ಆಕ್ಸ್‌ಫರ್ಡಿನ ಪದ್ಧತಿಯಿಂದ ಪ್ರೇರಿತರಾಗಿ, ಸಣ್ಣ ಗೋಷ್ಠಿಗಳಲ್ಲಿ ಓದಿ ಹೊರಗಿನ ಪರೀಕ್ಷಕರ ಮುಂದೆ ಉತ್ತರ ಹೇಳುವ ಆನರ್ಸ್ ಕ್ರಮವನ್ನು ತಂದರು. ಕಾಲಕ್ರಮದಲ್ಲಿ ಈ ಎರಡು ಧಾರೆಗಳೂ ಕೂಡಿ ಅನೇಕ ಸಮುದಾಯ ಕಾಲೇಜುಗಳಲ್ಲಿ ಆನರ್ಸ್ ಗೋಷ್ಠಿಗಳು ಹುಟ್ಟಿದವು. ಅಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಎರಡು ವರ್ಷದ ಕಾಲೇಜು ಎರಡು ವರ್ಷದ್ದಾಗಿಯೇ ಉಳಿಯಿತು; ಒಳಗಿನ ಕೆಲಸ ಮಾತ್ರ ಬೇರೆಯಾಯಿತು. ನಮ್ಮ ತಾಲ್ಲೂಕು ಕಾಲೇಜು ಹೆಸರಿನಲ್ಲಿ ಸಮುದಾಯ ಕಾಲೇಜಲ್ಲದಿದ್ದರೂ ಮಾಡುವ ಸೇವೆಯಲ್ಲಿ ಅದೇ. ಆದುದರಿಂದ ಆ ಪಾಠ ನಮಗೂ ಸಲ್ಲುತ್ತದೆ.

ಹಾಗಾದರೆ ಈ ಎರಡು ಊರುಗಳಲ್ಲಿ ಮಾಡತಕ್ಕ ಕೆಲಸವಾದರೂ ಏನು? ವಸ್ತುವಿಗೆ ಕೊರತೆಯಿಲ್ಲ. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಯರು ಕೂಡುವ ಎಡೆಯ ಸಮೀಪದಲ್ಲಿ ಡಾ. ಎಂ. ಶೇಷಾದ್ರಿ ಅವರು ನಡೆಸಿದ ಉತ್ಖನನದಿಂದ ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂದಿತು. ಅದರ ವರದಿ ೧೯೭೧ರಲ್ಲಿ ಪ್ರಕಟವಾಯಿತು. ಅದೇ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿ; ಚೋಳರಿಂದ ಅದನ್ನು ಗೆದ್ದು ವಿಷ್ಣುವರ್ಧನನು ತಲಕಾಡುಗೊಂಡನೆನಿಸಿದನು. ಸೋಮನಾಥಪುರದ ಕೇಶವ ದೇವಾಲಯವು ೨೦೨೩ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೇವಾಲಯವೂ ಕಪಿಲೆಯ ಮೇಲಣ ಹಳೆಯ ಸೇತುವೆಯೂ ಇವೆ. ಆ ತಾಲ್ಲೂಕಿನ ತಗಡೂರು, ಬದನವಾಳುಗಳಲ್ಲಿ ತಗಡೂರು ರಾಮಚಂದ್ರರಾಯರ ಕಾಲದ ಖಾದಿ ಚಳುವಳಿಯ ನೆನಪು ಇನ್ನೂ ಹಿರಿಯರ ಬಾಯಲ್ಲಿದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟ, ೧೮೯೪ರಲ್ಲಿ ಪ್ರಕಟವಾದುದು, ಈ ಎರಡು ತಾಲ್ಲೂಕುಗಳ ಶಾಸನಗಳನ್ನೂ ಒಳಗೊಂಡಿದೆ. ಆ ಸಂಪುಟವನ್ನು ಹಿಡಿದು ಊರೂರಿಗೆ ಹೋಗಿ, ಯಾವ ಕಲ್ಲು ಇದೆ, ಯಾವುದು ಒಡೆದಿದೆ, ಯಾವುದು ಕಾಣೆಯಾಗಿದೆ ಎಂಬುದನ್ನು ಬರೆದಿಡುವುದೇ ಹತ್ತು ವರ್ಷಗಳ ವಿದ್ಯಾರ್ಥಿಗಳಿಗೆ ಸಾಕಾಗುವಷ್ಟು ಕೆಲಸ. ಮೈಸೂರಿನಿಂದ ಬಂದು ಹೋಗುವ ವಿದ್ವಾಂಸರಿಗಿಂತ ಇದನ್ನು ಆ ಊರಿನ ಮಕ್ಕಳು ಚೆನ್ನಾಗಿ ಮಾಡಬಲ್ಲರು. ಹೊಲದ ಬದುವಿನಲ್ಲಿ ಬಿದ್ದ ಕಲ್ಲು ಯಾರ ಹೊಲದ್ದೆಂದು ಅವರಿಗೆ ಗೊತ್ತು.

ಆದಕಾರಣ ನಮ್ಮ ಸೂಚನೆ ಇಷ್ಟು. ಪದವಿ ಮೂರು ವರ್ಷದ್ದಾಗಿಯೇ ಇರಲಿ. ಮೂರನೆಯ ಸೆಮಿಸ್ಟರಿನಿಂದ ಎರಡು ಕಾಲೇಜುಗಳೂ ಕೂಡಿ, ಒಂದೊಂದರಿಂದ ಹತ್ತು ಮಂದಿಗೆ ಮೀರದಂತೆ, ಒಂದು ಆನರ್ಸ್ ಗೋಷ್ಠಿಯನ್ನು ನಡೆಸಲಿ. ಆಯ್ಕೆಗೆ ಅಂಕವೊಂದನ್ನೇ ಅಳತೆಗೋಲು ಮಾಡದೆ, ವಿದ್ಯಾರ್ಥಿಯೇ ಬರೆದ ಎರಡು ಪುಟವನ್ನೂ ನೋಡಲಿ. ವಾರಕ್ಕೊಮ್ಮೆ ತಮ್ಮ ಕಾಲೇಜಿನಲ್ಲಿಯೂ, ತಿಂಗಳಿಗೊಮ್ಮೆ ಸರದಿಯಂತೆ ಒಂದು ಊರಿನಲ್ಲಿಯೂ ಸೇರಲಿ. ೨೦೨೩ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದುದು ಈ ಕಾರ್ಯಕ್ಕೆ ಒದಗಿಬಂದ ಅನುಕೂಲ. ಕೊನೆಯಲ್ಲಿ ಪ್ರತಿಯೊಬ್ಬರೂ ಕನ್ನಡದಲ್ಲಿ ಒಂದು ಪ್ರಬಂಧವನ್ನು ಬರೆದು ವಿಶ್ವವಿದ್ಯಾನಿಲಯದಿಂದ ಬಂದ ಪರೀಕ್ಷಕರ ಮುಂದೆ ಸಮರ್ಥಿಸಲಿ. ಉತ್ತೀರ್ಣರಾದವರ ಪದವಿಪತ್ರದಲ್ಲಿ ಅದು ನಮೂದಾಗಲಿ. ಸ್ನಾತಕೋತ್ತರ ಪ್ರವೇಶದಲ್ಲಿ ಗಣನೆಗೆ ಬರಲಿ.

ಇದಕ್ಕೆ ಮೂರು ಆಕ್ಷೇಪಣೆಗಳು ಬರಬಹುದು. ಒಂದೇ ತರಗತಿಯಲ್ಲಿ ಮೇಲು ಕೀಳುಗಳನ್ನು ಹುಟ್ಟಿಸಿದಂತಾಗುವುದೆಂಬುದು ಮೊದಲನೆಯದು. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಈಗಲೂ ಭೇದವಿದೆ: ಅನುಕೂಲವಿದ್ದವರು ಪಿ.ಯು.ಸಿ. ಮುಗಿಯುತ್ತಲೇ ಮೈಸೂರಿಗೆ ಹೋಗುತ್ತಾರೆ, ಇಲ್ಲದವರು ಇಲ್ಲಿ ಉಳಿಯುತ್ತಾರೆ. ನಾವು ಹೇಳುವ ಗೋಷ್ಠಿ ಉಳಿದವರಿಗಾಗಿಯೇ ಇರತಕ್ಕದ್ದು. ಅದರ ಬಾಗಿಲು ಪ್ರತಿ ಸೆಮಿಸ್ಟರಿನಲ್ಲಿಯೂ ತೆರೆದಿದ್ದರೆ ಭೇದದ ಕಹಿ ಬಹುಮಟ್ಟಿಗೆ ತಗ್ಗುವುದು. ಕನ್ನಡದಲ್ಲಿ ಮಾಡಿದ ಸಂಶೋಧನೆ ಮುಂದೆ ನಡೆಯದೆಂಬುದು ಎರಡನೆಯದು. ಶಾಸನಗಳೂ ಕಡತಗಳೂ ಹಿರಿಯರ ನೆನಪುಗಳೂ ಕನ್ನಡದಲ್ಲಿರುವಾಗ ಈ ಮಾತಿಗೆ ಉತ್ತರ ಬೇಕಾಗಿಲ್ಲ; ಇಂಗ್ಲಿಷನ್ನು ಓದಿ ತಿಳಿಯುವಷ್ಟು ಕಲಿಸಿದರೆ ಸಾಕು.

ಮೂರನೆಯದೇ ನಿಜವಾದ ತೊಡಕು: ಇದನ್ನು ಮಾಡುವವರು ಯಾರು? ಗೋಷ್ಠಿಯ ಗಂಟೆಗಳನ್ನು ಉಪನ್ಯಾಸಕರ ಕಾರ್ಯಭಾರದಲ್ಲಿ ಎಣಿಸದೆ, ಅತಿಥಿ ಉಪನ್ಯಾಸಕರಿಗೆ ಕನಿಷ್ಠ ಮೂರು ವರ್ಷಗಳ ನೆಲೆಯನ್ನು ಕೊಡದೆ, ಇದನ್ನು ಅವರ ಸದ್ಭಾವನೆಯ ಮೇಲೆ ಹೊರಿಸಿದರೆ ಮೂರನೆಯ ಸಲವೂ ಆನರ್ಸ್ ಬಂದಂತೆಯೇ ಹಿಂದಿರುಗುವುದು. ಈ ಎರಡು ಏರ್ಪಾಡುಗಳಾಗದೆ ಯೋಜನೆಯನ್ನು ಆರಂಭಿಸಬಾರದೆಂದೇ ನಮ್ಮ ಅಭಿಪ್ರಾಯ. ಅರೆಮನಸ್ಸಿನ ಆರಂಭಕ್ಕೆ ಬೆಲೆ ತೆರುವವರು ವಿದ್ಯಾರ್ಥಿಗಳು. ೨೦೨೧ರ ತಂಡದವರು ಆ ಬೆಲೆಯನ್ನು ತೆತ್ತಾಗಿದೆ.

ಕೆರೆಯ ಏರಿಯ ಮೇಲಣ ಆ ಕಲ್ಲು ಇನ್ನೂ ಅಲ್ಲಿಯೇ ಇದೆ. ಕೊನೆಯ ಸಾಲು ಎಂದು ಹೋಯಿತೆಂಬುದನ್ನು ನಾವು ಇಂದಿಗೂ ನಿರ್ಧರಿಸಿಲ್ಲ. ರೈಸ್ ಅವರ ಕಾಲದ ಪಾಠವನ್ನೂ ಅನಂತರದ ಪರಿಷ್ಕೃತ ಆವೃತ್ತಿಯ ಪಾಠವನ್ನೂ ಕಲ್ಲಿನೊಡನೆ ಹೋಲಿಸಿ, ಊರಿನ ಹಿರಿಯರನ್ನು ವಿಚಾರಿಸಿದರೆ ಒಂದು ಸೆಮಿಸ್ಟರಿನಲ್ಲಿ ಇತ್ಯರ್ಥವಾಗಬಹುದಾದ ಪ್ರಶ್ನೆ ಅದು. ಕೇಳಿದವಳು ಕಾಲೇಜಿನಲ್ಲಿ ಇದ್ದಾಗಲೇ ಅದಕ್ಕೆ ಕಾಲಾವಕಾಶವನ್ನು ಕೊಡಬೇಕಾಗಿತ್ತು. ಮುಂದೆ ಅಂಥ ಪ್ರಶ್ನೆಯನ್ನು ಕೇಳುವವರಿಗಾದರೂ ಅದು ದೊರೆಯಬೇಕೆಂಬುದೇ ಈ ಲೇಖನದ ಆಶಯ.