ನೋವಿಗೆ ಅರಿಶಿನ: ಪಟ್ಟು, ಹಾಲು, ಮಾತ್ರೆ

ಉಳುಕಿದ ಕಾಲಿಗೆ ಅರಿಶಿನ-ಸುಣ್ಣದ ಪಟ್ಟು, ಮೈಕೈ ನೋವಿಗೆ ಅರಿಶಿನದ ಹಾಲು, ಮಂಡಿನೋವಿಗೆ ಅಂಗಡಿಯ ಕರ್ಕ್ಯುಮಿನ್ ಮಾತ್ರೆ. ಮೂರಕ್ಕೂ ಮೂಲ ಒಂದೇ ಕೊಂಬು. ಆದರೂ ಮಾತ್ರೆಗೆ ಸಿಕ್ಕ ಪುರಾವೆ ಹಾಲಿಗೂ ಪಟ್ಟಿಗೂ ಸಲ್ಲುವುದಿಲ್ಲ; ಅರಿಶಿನದ ಗುಣಗಾನದಲ್ಲಿ ಹೆಚ್ಚಾಗಿ ಮರೆತುಹೋಗುವುದು ಇದೇ.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಮತ್ತು ಅದರ ಬಳಗದ ಸಂಯುಕ್ತಗಳು. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕರ್ಕ್ಯುಮಿನ್, ನೋವು-ಬಾವು ತರುವ ಪ್ರೊಸ್ಟಾಗ್ಲಾಂಡಿನ್‌ಗಳ ತಯಾರಿಕೆಗೆ ಬೇಕಾದ ಕಾಕ್ಸ್-2 ಕಿಣ್ವವನ್ನು ತಗ್ಗಿಸುತ್ತದೆ. ಮನುಷ್ಯನ ದೇಹದಲ್ಲಿ ಮಾತ್ರ ಅದು ರಕ್ತ ಸೇರುವುದೇ ಕಷ್ಟ. ನೀರಿನಲ್ಲಿ ಕರಗದು, ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಹಾಲಿಗೆ ಕಾಳುಮೆಣಸು ಕುಟ್ಟಿ ಹಾಕುವ ರೂಢಿಗೆ ಇದು ನಿಜವಾದ ಬಲ. ಆದರೆ ಮೊದಲಿದ್ದದ್ದೇ ಅಳತೆಗೆ ಸಿಗದಷ್ಟು ಕಡಿಮೆ. ಜೊತೆಗೆ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನಷ್ಟು. ಒಂದು ಟೀ ಚಮಚದಲ್ಲಿ 100 ಮಿಲಿಗ್ರಾಂ ಸಿಕ್ಕರೆ ಹೆಚ್ಚು.

ಮಾತ್ರೆಯ ಪರ ಇರುವ ಗಟ್ಟಿ ಸಾಕ್ಷ್ಯಗಳಲ್ಲಿ ಒಂದು ಥಾಯ್ಲೆಂಡಿನದು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮಂಡಿ ಸವೆತವಿದ್ದ 367 ಜನರ ಪೈಕಿ ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ, ಉಳಿದವರಿಗೆ 1200 ಮಿಲಿಗ್ರಾಂ ಐಬುಪ್ರೊಫೆನ್ ಕೊಡಲಾಯಿತು. ನಾಲ್ಕು ವಾರಗಳಲ್ಲಿ ನೋವು ಇಳಿದದ್ದು ಹೆಚ್ಚುಕಡಿಮೆ ಸಮ. ಹೊಟ್ಟೆನೋವು, ಹೊಟ್ಟೆಯುಬ್ಬರ ಅರಿಶಿನದವರಲ್ಲಿ ಕಡಿಮೆ. ಭರವಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಹುಸಿಮದ್ದಿನ ಗುಂಪೊಂದು ಇರಲಿಲ್ಲ, ಮತ್ತು ವರ್ಷಗಟ್ಟಲೆ ಕಾಡುವ ಕಾಯಿಲೆಗೆ ನಾಲ್ಕು ವಾರ ತೀರಾ ಸಣ್ಣ ಅವಧಿ.

ಪಟ್ಟಿನ ವಿಷಯ ಬೇರೆಯೇ. ಸುಣ್ಣ ಬೆರೆತ ಕೂಡಲೇ ಅರಿಶಿನ ಓಕುಳಿಯಂತೆ ಕೆಂಪಾಗುತ್ತದೆ. ಸುಣ್ಣದ ಕ್ಷಾರದಲ್ಲಿ ಕರ್ಕ್ಯುಮಿನ್ ಬಹಳ ಹೊತ್ತು ಉಳಿಯದೆ ಒಡೆದುಹೋಗುತ್ತದೆ. ಹಾಗಾಗಿ ಬಿಸಿಮಾಡಿ ಹಚ್ಚಿದ ಪಟ್ಟಿನಿಂದ ಸಿಗುವ ಆರಾಮದಲ್ಲಿ ಶಾಖದ ಮತ್ತು ಕಾಲಿಗೆ ಸಿಕ್ಕ ವಿಶ್ರಾಂತಿಯ ಪಾಲೇ ದೊಡ್ಡದಿರಬೇಕು. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ.

ಅಡುಗೆಯ ಅರಿಶಿನಕ್ಕೆ ಅಂಜಬೇಕಿಲ್ಲ. ಆದರೆ ಪೈಪರಿನ್ ಸೇರಿಸಿದ ಪ್ರಬಲ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು.